ರೋಗಿಯ ಸೀರಮ್‌ನಲ್ಲಿ ಪ್ರತಿಕಾಯ ಔಷಧದ ಮಟ್ಟವನ್ನು ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದ ಅಳೆಯುವುದು ಹೇಗೆ

ಇನ್‌ಫ್ಲಿಕ್ಸಿಮಾಬ್‌ನಂತಹ ಪ್ರತಿಕಾಯ ಔಷಧವನ್ನು ಇಬ್ಬರು ರೋಗಿಗಳಿಗೆ ಒಂದೇ ಡೋಸಿನಲ್ಲಿ ಕೊಟ್ಟರೂ ಅವರ ರಕ್ತದಲ್ಲಿ ಅದರ ಮಟ್ಟ ಒಂದೇ ಆಗಿರುವುದಿಲ್ಲ. ದೇಹದ ತೂಕ, ಆಲ್ಬುಮಿನ್ ಪ್ರಮಾಣ, ಉರಿಯೂತದ ತೀವ್ರತೆ, ಔಷಧದ ವಿರುದ್ಧ ದೇಹವೇ ತಯಾರಿಸುವ ಪ್ರತಿಕಾಯಗಳು ಇವೆಲ್ಲವೂ ಆ ಮಟ್ಟವನ್ನು ಏರಿಳಿಸುತ್ತವೆ. ಕರುಳಿನ ಉರಿಯೂತದಿಂದ ಬಳಲುವವರಿಗೆ ಚಿಕಿತ್ಸೆ ಫಲಿಸದಿದ್ದಾಗ, ಮುಂದಿನ ಡೋಸಿಗೆ ಮೊದಲಿನ ಇನ್‌ಫ್ಲಿಕ್ಸಿಮಾಬ್‌ನ ಕನಿಷ್ಠ ಮಟ್ಟ ಮಿಲಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿರಬೇಕೆಂದು ಅಮೆರಿಕನ್ ಗ್ಯಾಸ್ಟ್ರೋಎಂಟರಾಲಜಿಕಲ್ ಅಸೋಸಿಯೇಷನ್ 2017ರಲ್ಲಿ ಸೂಚಿಸಿತು. ಡೋಸ್ ಹೆಚ್ಚಿಸಬೇಕೋ ಔಷಧವನ್ನೇ ಬದಲಿಸಬೇಕೋ ಎಂಬ ತೀರ್ಮಾನ ಇಂಥ ಸಂಖ್ಯೆಯನ್ನು ನೆಚ್ಚಿಕೊಂಡಿರುವುದರಿಂದ, ಅಳೆಯುವವರು ಪ್ರತಿ ಹಂತದಲ್ಲೂ ಎಚ್ಚರದಿಂದಿರಬೇಕು.

ಇಲ್ಲಿನ ಮೂಲ ತೊಡಕೆಂದರೆ, ಔಷಧವೂ ಒಂದು ಐಜಿಜಿ (ರಕ್ತದಲ್ಲಿ ಅತಿ ಹೆಚ್ಚಾಗಿರುವ ಬಗೆಯ ಪ್ರತಿಕಾಯ), ಅದರ ಸುತ್ತ ಇರುವುದೂ ಐಜಿಜಿಯೇ. ಮಿಲಿಲೀಟರ್ ಸೀರಮ್‌ನಲ್ಲಿ ರೋಗಿಯ ಸ್ವಂತ ಐಜಿಜಿ ಸುಮಾರು 10 ಮಿಲಿಗ್ರಾಂ ಇದ್ದರೆ, ನಾವು ಹುಡುಕುವ 5 ಮೈಕ್ರೋಗ್ರಾಂ ಅದರ ಎರಡು ಸಾವಿರದಲ್ಲೊಂದು ಪಾಲು ಮಾತ್ರ. ಎರಡನ್ನೂ ಬೇರ್ಪಡಿಸುವ ಗುರುತು ಔಷಧದ ವೇರಿಯಬಲ್ ಭಾಗದ, ಅಂದರೆ ಪ್ರತಿಕಾಯದಿಂದ ಪ್ರತಿಕಾಯಕ್ಕೆ ಬದಲಾಗುವ ಭಾಗದ, ಅಮೈನೋ ಆಮ್ಲ ಸರಣಿಯಲ್ಲಿದೆ. ಆದ್ದರಿಂದ ಸುಮಾರು 150 ಕಿಲೋಡಾಲ್ಟನ್ ತೂಕದ ಇಡೀ ಅಣುವನ್ನು ಅಳೆಯುವ ಬದಲು, ಅದನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ತುಂಡರಿಸಿ, ಔಷಧದಲ್ಲಿ ಮಾತ್ರ ಸಿಗುವ ಒಂದು ಪೆಪ್ಟೈಡನ್ನು (ಅಮೈನೋ ಆಮ್ಲಗಳ ಚಿಕ್ಕ ಸರಣಿಯನ್ನು) ಅಳೆಯುವುದು ರೂಢಿಯಲ್ಲಿರುವ ಮಾರ್ಗ.

ಮೊದಲ ಕೆಲಸ ಆ ಗುರುತಿನ ಪೆಪ್ಟೈಡಿನ ಆಯ್ಕೆ. ಟ್ರಿಪ್ಸಿನ್ ಲೈಸಿನ್ ಮತ್ತು ಆರ್ಜಿನಿನ್‌ಗಳ ನಂತರ ಸರಪಳಿಯನ್ನು ಕತ್ತರಿಸುತ್ತದೆ ಎಂಬುದನ್ನು ಆಧರಿಸಿ ಸಂಭವನೀಯ ತುಂಡುಗಳನ್ನು ಪಟ್ಟಿ ಮಾಡಿ, ಮಾನವ ಪ್ರೋಟೀನುಗಳ ದತ್ತಾಂಶದಲ್ಲಿ ಎಲ್ಲೂ ಕಾಣಿಸದವನ್ನು ಉಳಿಸಿಕೊಳ್ಳಬೇಕು. ಇನ್‌ಫ್ಲಿಕ್ಸಿಮಾಬ್‌ನ ಭಾರ ಸರಪಳಿಯಲ್ಲಿರುವ (ಪ್ರತಿಕಾಯದ ಎರಡು ಬಗೆಯ ಸರಪಳಿಗಳಲ್ಲಿ ದೊಡ್ಡದು) 13 ಅಮೈನೋ ಆಮ್ಲಗಳ ಎಸ್-ಐ-ಎನ್-ಎಸ್-ಎ-ಟಿ-ಎಚ್-ವೈ-ಎ-ಇ-ಎಸ್-ವಿ-ಕೆ ಸರಣಿ (ಪ್ರತಿ ಅಕ್ಷರವೂ ಒಂದು ಅಮೈನೋ ಆಮ್ಲದ ಸಂಕೇತ) ಇದಕ್ಕೆ ಒಳ್ಳೆಯ ಉದಾಹರಣೆ. ಮೂರು ಧನ ಆವೇಶ ಹೊತ್ತಾಗ ಇದು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ, ಅಂದರೆ ಅಯಾನುಗಳನ್ನು (ಆವೇಶ ಹೊತ್ತ ಅಣುಗಳನ್ನು) ತೂಕ ಮತ್ತು ಆವೇಶದ ಅನುಪಾತದಿಂದ ಗುರುತಿಸುವ ಯಂತ್ರದಲ್ಲಿ, 469.6ರಲ್ಲಿ ಕಾಣಿಸುತ್ತದೆ, ಒಡೆದಾಗ 603.8ರ ತುಣುಕನ್ನು ಕೊಡುತ್ತದೆ. ಇದರಲ್ಲಿ ಆಸ್ಪರಜಿನ್ ಇರುವುದರಿಂದ, ಕ್ಷಾರೀಯ ದ್ರಾವಣದಲ್ಲಿ ಬಹಳ ಹೊತ್ತು ಬಿಟ್ಟರೆ ಒಂದಿಷ್ಟು ಪಾಲು ರೂಪ ಬದಲಿಸುವ ಸಾಧ್ಯತೆಯನ್ನು ಮಾತ್ರ ಪರೀಕ್ಷಿಸಿ ನೋಡಬೇಕು. ಕಾಗದದ ಮೇಲೆ ಅನನ್ಯವಾಗಿ ಕಂಡ ಪೆಪ್ಟೈಡನ್ನು ಔಷಧ ಪಡೆಯದ, ಕನಿಷ್ಠ ಆರು ಬೇರೆ ಬೇರೆ ವ್ಯಕ್ತಿಗಳ ಸೀರಮ್‌ನಲ್ಲಿ ಓಡಿಸಿ, ಆ ಜಾಗದಲ್ಲಿ ಯಾವ ಸಂಕೇತವೂ ಏಳುವುದಿಲ್ಲವೆಂದು ಖಚಿತಪಡಿಸಿಕೊಳ್ಳುವವರೆಗೆ ಆಯ್ಕೆ ಮುಗಿಯುವುದಿಲ್ಲ.

ಎರಡನೆಯದು ಆಂತರಿಕ ಮಾನಕ, ಅಂದರೆ ಹೋಲಿಕೆಗಾಗಿ ಗೊತ್ತಾದ ಪ್ರಮಾಣದಲ್ಲಿ ಸೇರಿಸುವ, ಭಾರ ಐಸೋಟೋಪ್‌ಗಳಿಂದ ಗುರುತು ಮಾಡಿದ ಜೋಡಿ ಅಣು. ಲೈಸಿನ್‌ನ ಇಂಗಾಲ ಮತ್ತು ಸಾರಜನಕಗಳನ್ನು ಭಾರ ರೂಪಕ್ಕೆ ಬದಲಿಸಿದರೆ ಪೆಪ್ಟೈಡಿನ ತೂಕ 8 ಡಾಲ್ಟನ್ ಹೆಚ್ಚಿ, ಮೇಲಿನ 469.6 ಸಂಖ್ಯೆ 472.2 ಆಗುತ್ತದೆ. ಗುರುತು ಮಾಡಿದ ಪೆಪ್ಟೈಡನ್ನು ಕೊನೆಯಲ್ಲಿ ಸೇರಿಸಿದರೆ ಅದು ಅಯಾನೀಕರಣದ (ಯಂತ್ರದಲ್ಲಿ ಅಣುಗಳಿಗೆ ಆವೇಶ ಬರುವ ಹಂತದ) ಏರುಪೇರನ್ನಷ್ಟೇ ಸರಿಪಡಿಸುತ್ತದೆ. ಶುದ್ಧೀಕರಣದಲ್ಲಿ ಕಳೆದುಹೋದದ್ದಾಗಲಿ, ಟ್ರಿಪ್ಸಿನ್ ಅರ್ಧಂಬರ್ಧ ಕತ್ತರಿಸಿದ್ದಾಗಲಿ ಅದಕ್ಕೆ ತಿಳಿಯುವುದೇ ಇಲ್ಲ. ಸಿಗುವುದಾದರೆ ಐಸೋಟೋಪ್ ಗುರುತಿನ ಇಡೀ ಪ್ರತಿಕಾಯವನ್ನೇ ತಂದು, ಸೀರಮ್ ಟ್ಯೂಬಿಗೆ ಬಿದ್ದ ತಕ್ಷಣ ಸೇರಿಸುವುದೇ ಸರಿ. ಈ ವಿಧಾನದಲ್ಲಿ ಖರ್ಚು ಮಾಡಲೇಬೇಕಾದ ಜಾಗ ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ರೋಗಿಯ ರಕ್ತವನ್ನು ಮುಂದಿನ ಡೋಸಿಗೆ ಸ್ವಲ್ಪ ಮೊದಲು, ಔಷಧ ಹರಿಸುವ ನಾಳದ ಬದಲು ಬೇರೆ ಕಡೆಯಿಂದ ತೆಗೆಯಬೇಕು. ಪ್ರಯೋಗಾಲಯದಲ್ಲಿ 20 ಮೈಕ್ರೋಲೀಟರ್ ಸೀರಮ್ ಸಾಕು. ಅದರಲ್ಲಿ ಐಜಿಜಿ ಸುಮಾರು 200 ಮೈಕ್ರೋಗ್ರಾಂ ಇರುತ್ತದೆ, ಆದರೆ ಒಟ್ಟು ಪ್ರೋಟೀನ್ ಅದರ ಆರರಿಂದ ಎಂಟು ಪಟ್ಟು. ಪ್ರೋಟೀನ್ ಜಿ ಲೇಪಿತ ಮಣಿಗಳಿಂದ ಐಜಿಜಿಯನ್ನು ಮೊದಲೇ ಹಿಡಿದುಕೊಂಡರೆ ಆಲ್ಬುಮಿನ್‌ನ ಹೊರೆ ಇಳಿಯುತ್ತದೆ, ಟ್ರಿಪ್ಸಿನ್ ಕೂಡ ಕಡಿಮೆ ಸಾಕಾಗುತ್ತದೆ. ಕೆಲವು ರೋಗಿಗಳಲ್ಲಿ ಐಜಿಜಿ ಸಾಮಾನ್ಯಕ್ಕಿಂತ ಬಹಳ ಹೆಚ್ಚಿದ್ದು, ಮಣಿಗಳ ಹಿಡಿತ ತುಂಬಿಹೋದರೆ ಔಷಧದ ಒಂದು ಪಾಲು ತೊಳೆದುಹೋಗುತ್ತದೆ. ಆದ್ದರಿಂದ ಲೆಕ್ಕಕ್ಕೆ ಬಂದದ್ದರ ಎರಡು ಪಟ್ಟು ಸಾಮರ್ಥ್ಯದ ಮಣಿಗಳನ್ನು ಇಡುವುದು ಒಳ್ಳೆಯದು.

ಇಡೀ ಕೆಲಸದ ಯಶಸ್ಸು ಮುಂದಿನ ಟ್ಯೂಬಿನಲ್ಲಿದೆ. ಯೂರಿಯಾದಿಂದ ಪ್ರತಿಕಾಯದ ಮಡಿಕೆಯನ್ನು ಬಿಚ್ಚಿ, ಡೈಥಯೋಥ್ರೈಟಾಲ್‌ನಿಂದ ಗಂಧಕದ ಬಂಧಗಳನ್ನು ಒಡೆದು, ಅವು ಮತ್ತೆ ಕೂಡಿಕೊಳ್ಳದಂತೆ ಆಗಷ್ಟೇ ಕರಗಿಸಿದ ಅಯೋಡೋಅಸಿಟಮೈಡನ್ನು ಕತ್ತಲೆಯಲ್ಲಿ ಸೇರಿಸಬೇಕು. ಯೂರಿಯಾ ಇರುವಾಗ ಟ್ಯೂಬನ್ನು 37 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಮಾಡಬಾರದು, ಮಾಡಿದರೆ ಲೈಸಿನ್‌ಗಳು ಮಾರ್ಪಟ್ಟು ಟ್ರಿಪ್ಸಿನ್ ಅವನ್ನು ಗುರುತಿಸುವುದಿಲ್ಲ. ಯೂರಿಯಾ 1 ಮೋಲಾರ್‌ಗಿಂತ ಕೆಳಗಿಳಿಯುವಷ್ಟು ದ್ರಾವಣವನ್ನು ತೆಳುಗೊಳಿಸಿ, ಪಿಎಚ್ 8ರ ಆಸುಪಾಸಿನಲ್ಲಿ, 20 ಪಾಲು ಪ್ರೋಟೀನಿಗೆ ಒಂದು ಪಾಲಿನಂತೆ, ಅಂದರೆ ನಮ್ಮ 200 ಮೈಕ್ರೋಗ್ರಾಂಗೆ 10 ಮೈಕ್ರೋಗ್ರಾಂ ಟ್ರಿಪ್ಸಿನ್ ಹಾಕಿ 37 ಡಿಗ್ರಿಯಲ್ಲಿಡಬೇಕು. ರಾತ್ರಿಯಿಡೀ ಬಿಡುವುದು ವಾಡಿಕೆಯಾದರೂ, ವಾಡಿಕೆಯನ್ನು ನಂಬಿ ಕೂರುವುದು ಬೇಡ. ಒಂದೇ ಮಾದರಿಯ ಟ್ಯೂಬುಗಳನ್ನು 1, 2, 4, 8 ಮತ್ತು 16 ಗಂಟೆಗಳಲ್ಲಿ ಫಾರ್ಮಿಕ್ ಆಮ್ಲ ಹಾಕಿ ನಿಲ್ಲಿಸಿ, ಪೆಪ್ಟೈಡಿನ ಸಂಕೇತ ಎಲ್ಲಿ ಸಮತಟ್ಟಾಗುತ್ತದೆ, ಎಲ್ಲಿಂದ ಇಳಿಯತೊಡಗುತ್ತದೆ ಎಂದು ನೋಡಿ ಅವಧಿಯನ್ನು ನಿರ್ಧರಿಸಬೇಕು.

ಯಂತ್ರದ ಭಾಗ ಇದಕ್ಕೆ ಹೋಲಿಸಿದರೆ ಸರಳ. ದ್ರವ ಕ್ರೊಮ್ಯಾಟೋಗ್ರಫಿಯ ಸಿ18 ಕಾಲಮ್‌ನಲ್ಲಿ ಪೆಪ್ಟೈಡುಗಳನ್ನು ಬೇರ್ಪಡಿಸಿ, ಟ್ರಿಪಲ್ ಕ್ವಾಡ್ರುಪೋಲ್ ಎಂಬ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಔಷಧ ಮತ್ತು ಮಾನಕ ಎರಡರ ಅಯಾನು ಜೋಡಿಗಳನ್ನೂ (ಇಡೀ ಪೆಪ್ಟೈಡ್ ಮತ್ತು ಅದರ ತುಣುಕು) ಹಿಂಬಾಲಿಸಬೇಕು. ಲೆಕ್ಕಕ್ಕೆ ಒಂದು ತುಣುಕು, ದೃಢೀಕರಣಕ್ಕೆ ಇನ್ನೊಂದು. ಇವೆರಡರ ಅನುಪಾತ ರೋಗಿಯ ಮಾದರಿಯಲ್ಲಿ ಕೆಟ್ಟರೆ ಏನೋ ಅಡ್ಡ ಬಂದಿದೆಯೆಂದೇ ಅರ್ಥ.

ಔಷಧವಿಲ್ಲದ ಮಾನವ ಸೀರಮ್‌ನಲ್ಲೇ ಕನಿಷ್ಠ ಆರು ಮಟ್ಟಗಳ ಮಾಪನಾಂಕ ಮಾದರಿಗಳನ್ನು ತಯಾರಿಸಿ, ಅವನ್ನೂ ಗುಣಮಟ್ಟ ನಿಯಂತ್ರಣದ ಮಾದರಿಗಳನ್ನೂ ರೋಗಿಯ ಮಾದರಿಗಳ ಜೊತೆಗೇ ಅದೇ ಹಂತಗಳ ಮೂಲಕ ಸಾಗಿಸಬೇಕು. ಔಷಧ ಅಭಿವೃದ್ಧಿಯ ಅಧ್ಯಯನಗಳಿಗಾಗಿ 2022ರಲ್ಲಿ ಅಂತಿಮಗೊಂಡ ಐಸಿಎಚ್‌ನ (ಔಷಧ ನಿಯಮಗಳನ್ನು ಸಮನ್ವಯಗೊಳಿಸುವ ಅಂತಾರಾಷ್ಟ್ರೀಯ ಮಂಡಳಿಯ) ಎಂ10 ಮಾರ್ಗಸೂಚಿ ಕ್ರೊಮ್ಯಾಟೋಗ್ರಫಿ ವಿಧಾನಗಳಿಗೆ ಶೇ. 15ರ, ಅತ್ಯಂತ ಕೆಳಗಿನ ಮಟ್ಟಕ್ಕೆ ಶೇ. 20ರ ವ್ಯತ್ಯಾಸವನ್ನು ಒಪ್ಪುತ್ತದೆ. ಚಿಕಿತ್ಸಾ ಪ್ರಯೋಗಾಲಯಗಳಿಗೂ ಇದು ಯೋಗ್ಯ ಅಳತೆಗೋಲು.

ಕೊನೆಗೆ ವರದಿಯ ಮಾತು. ಎಲ್ಲ ಐಜಿಜಿಯನ್ನೂ ಹಿಡಿದು ತುಂಡರಿಸುವ ಈ ವಿಧಾನ ಒಟ್ಟು ಔಷಧವನ್ನು ಅಳೆಯುತ್ತದೆ, ವಿರೋಧಿ ಪ್ರತಿಕಾಯಗಳಿಗೆ ಅಂಟಿಕೊಂಡು ನಿಷ್ಕ್ರಿಯವಾದ ಪಾಲೂ ಅದರಲ್ಲಿ ಸೇರಿರುತ್ತದೆ. ಔಷಧವನ್ನು ಬಂಧಿಸಿ ಬಣ್ಣದ ಮೂಲಕ ಅಳೆಯುವ ಎಲೈಸಾ ಪರೀಕ್ಷೆಗಳಲ್ಲಿ ಹೆಚ್ಚಿನವು ಮುಖ್ಯವಾಗಿ ಮುಕ್ತ ಔಷಧವನ್ನು ಕಾಣುತ್ತವೆ. ಹೀಗಾಗಿ ಎರಡರ ಸಂಖ್ಯೆಗಳೂ ಕೆಲವೊಮ್ಮೆ ಕೂಡುವುದಿಲ್ಲ. ಫಲಿತಾಂಶದ ಪಕ್ಕದಲ್ಲಿ ‘ಒಟ್ಟು ಔಷಧ’ ಎಂಬ ಪದವನ್ನೂ, ಕೊನೆಯ ಡೋಸಿನ ದಿನಾಂಕವನ್ನೂ, ರಕ್ತ ತೆಗೆದ ಸಮಯವನ್ನೂ ತಪ್ಪದೆ ಬರೆಯಬೇಕು; ಮಟ್ಟ ಸಾಕಷ್ಟಿದ್ದೂ ರೋಗ ಹತೋಟಿಗೆ ಬಂದಿಲ್ಲವೆಂದು ವೈದ್ಯರು ತಿಳಿಸಿದರೆ ವಿರೋಧಿ ಪ್ರತಿಕಾಯಗಳನ್ನು ಅದೇ ಮಾದರಿಯಲ್ಲಿ ಬೇರೆಯಾಗಿ ಪರೀಕ್ಷಿಸಲು ಸಾಧ್ಯವಾಗುವಂತೆ, ಉಳಿದ ಸೀರಮನ್ನು ಶೈತ್ಯದಲ್ಲಿ ಕಾಪಿಡಬೇಕು.