ಜಕ್ಕವ್ವ ಅಂದ್ರೆ ಏನು? ಅಜ್ಜಿಯ ಹೆಸರಿನ ಬೆನ್ನು ಹತ್ತಿದ ನನ್ನ ಅನುಭವ

ತಂಗಿಗೆ ಹೆಣ್ಣುಮಗು ಆದಾಗ ಅಜ್ಜಿಯ ಹೆಸರು ಇಡೋಣ ಅಂದೆ. ಮನೆಮಂದಿಯೆಲ್ಲ ನಕ್ಕರು. "ಜಕ್ಕವ್ವ ಅನ್ನೂದಕ್ಕ ಏನರ ಅರ್ಥ ಐತೇನ್ಲೇ?" ಅಂದರು ಸೋದರಮಾವ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗುವಿಗೆ ಬೇರೆ ಹೆಸರಾಯಿತು. ಉತ್ತರ ಸಿಗೋಕೆ ಎರಡು ವರ್ಷ ಹಿಡಿಯಿತು.

ಮೊದಲು ಹೆಸರಿನ ಪಂಡಿತರೊಬ್ಬರಿಗೆ 500 ರೂಪಾಯಿ ಕಳೆದೆ. 'ಜಯ ತರುವವಳು' ಅಂತ ಒಂದು ಹಾಳೆ ಕೊಟ್ಟರು, ಜೊತೆಗೆ ಅದೃಷ್ಟಸಂಖ್ಯೆ ಬೇರೆ. ಆಮೇಲಿನ ತಪ್ಪು ಪೂರಾ ನನ್ನದೇ. ಹಳಗನ್ನಡದಲ್ಲಿ ಜಕ್ಕವಕ್ಕಿ ಅನ್ನೋ ಹಕ್ಕಿ ಸಿಕ್ಕಿದ್ದೇ ತಡ, ಅಜ್ಜಿ ಹಕ್ಕಿಯೇ ಅಂತ ತೀರ್ಮಾನಿಸಿಬಿಟ್ಟೆ. ಆರು ತಿಂಗಳು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅದು ಚಕ್ರವಾಕ. ಆ 'ಜಕ್ಕ' ಬಂದದ್ದು 'ಚಕ್ರ'ದಿಂದ. ಅರ್ಧ ಹಕ್ಕಿಯನ್ನು ಕತ್ತರಿಸಿ ಹೆಣ್ಣುಮಗಳಿಗೆ ಯಾರು ಹೆಸರಿಡ್ತಾರೆ?

ಸುಮ್ನೆ ಕೂರದೆ ಊರಿನ ಹಳೇ ಹೆಂಗಸರ ಹೆಸರು ಪಟ್ಟಿ ಮಾಡಿದೆ. ಮುನ್ನೂರರ ಹತ್ತಿರ ಬಂತು. ಯಲ್ಲವ್ವ, ದ್ಯಾಮವ್ವ, ದುರ್ಗವ್ವ, ನಾಗವ್ವ. ಅರ್ಧಕ್ಕರ್ಧ ದೇವರ ಹೆಸರೇ, ಹಕ್ಕಿ ಒಂದೂ ಇಲ್ಲ. ಹಾಗಾದರೆ ಹುಡುಕಬೇಕಾದ್ದು ದೇವತೆಯನ್ನ.

ಮುಂದಿನದು ಸಂಸ್ಕೃತದ ಪದ ಕನ್ನಡದ ಬಾಯಲ್ಲಿ ಬದಲಾಗುವ ದಾರಿ. ಮೊದಲಿನ 'ಯ' 'ಜ' ಆಗುತ್ತೆ, 'ಕ್ಷ' 'ಕ್ಕ' ಆಗುತ್ತೆ. ಯಾತ್ರೆ ಜಾತ್ರೆಯಾಯಿತು, ಯೋಗಿ ಜೋಗಿಯಾದ. ರಾಕ್ಷಸ ರಕ್ಕಸನಾದ, ಪಕ್ಷ ಪಕ್ಕವಾಯಿತು. ಎರಡನ್ನೂ ಒಟ್ಟಿಗೆ ಹಚ್ಚಿದರೆ ಯಕ್ಷಿ ಜಕ್ಕಿಯಾಗ್ತಾಳೆ. ಜೈನ ಬಸದಿಯ ಪದ್ಮಾವತಿ, ಜ್ವಾಲಾಮಾಲಿನಿ ಇದ್ದಾರಲ್ಲ, ತೀರ್ಥಂಕರರ ಕಾವಲು ದೇವತೆಯರು, ಆ ಯಕ್ಷಿಯರೇ. ಉಮೇದಿನಲ್ಲಿ ಲಕ್ಕವ್ವನನ್ನೂ ಹಿಡಿದೆ. ಲಕ್ಷ್ಮಿ, ಒಂದೇ ನಿಮಿಷದ ಕೆಲಸ. ಅದೇ ಜೋರಿನಲ್ಲಿ ಅಕ್ಕವ್ವನಿಗೂ 'ಕ್ಷ' ತುರುಕಲು ಹೋಗಿ ನಗೆಪಾಟಲಾದೆ. ಅಕ್ಕ ಅಂದ್ರೆ ಅಕ್ಕನೇ!

ಗೆಳೆಯನೊಬ್ಬ ಅಲ್ಲೇ ಹಿಡಿದ. "ಸೂತ್ರ ಹಚ್ಚಿ ಏನನ್ನ ಬೇಕಾದ್ರೂ ಎಳೀಬಹುದು, ಶಾಸನದ ಕಲ್ಲು ತೋರಿಸು" ಅಂದ. ಮಾತು ಸರಿಯೇ. ಕರ್ನಾಟಕದ ಶಾಸನಗಳನ್ನು ಅಚ್ಚು ಹಾಕಿರುವ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿಗೆ ಬಿದ್ದೆ. ಜೆರಾಕ್ಸಿಗೇ ಎರಡು ಸಾವಿರ ಹೋಯಿತು, ಬಸ್ಸು, ಊಟ ಸೇರಿ ಒಟ್ಟು ಆರೇಳು ಸಾವಿರ ಆಗಿರಬೇಕು.

ಶ್ರವಣಬೆಳಗೊಳದಲ್ಲಿ ಜಕ್ಕಿಕಟ್ಟೆ ಅಂತ ಒಂದು ಕೆರೆಯಿದೆ. ಕಟ್ಟಿಸಿದವಳು ಹೊಯ್ಸಳ ರಾಜ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಅತ್ತಿಗೆ, ಹೆಸರು ಜಕ್ಕಿಮವ್ವೆ. ಮಟಮಟ ಮಧ್ಯಾಹ್ನ ಹೋಗಿ ಅಲ್ಲಿನ ಬಂಡೆಯ ಹತ್ತಿಪ್ಪತ್ತು ಫೋಟೋ ತೆಗೆದೆ, ಒಂದರಲ್ಲೂ ಅಕ್ಷರ ಏಳಲಿಲ್ಲ. ಸಂಜೆ ಓರೆಬಿಸಿಲು ಬೀಳುವವರೆಗೆ ಅಲ್ಲೇ ಕೂತೆ. ಕೂತಲ್ಲೇ ಹೊಳೆದದ್ದು ಆ 'ಅವ್ವೆ'. ಅದಕ್ಕೂ ಹಿಂದಿನ ಶಾಸನಗಳಲ್ಲಿ 'ಅಬ್ಬೆ', ನಮ್ಮ ಮನೆಯಲ್ಲಿ 'ಅವ್ವ', ನಡುವಿನ ಮೆಟ್ಟಿಲು 'ಅವ್ವೆ'. ಜಕ್ಕಿಯಬ್ಬೆ, ಜಕ್ಕಿಮವ್ವೆ, ಜಕ್ಕವ್ವ. ಇಷ್ಟು ನೇರವಾಗಿ ಜೋಡಿಸಿಟ್ಟವರನ್ನ ನಾನಂತೂ ಕಂಡಿಲ್ಲ.

ಆ ಜಕ್ಕಿಯಬ್ಬೆ ಸಿಕ್ಕಿದ್ದು ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನದಲ್ಲಿ. ಕಾಲ 10ನೇ ಶತಮಾನದ ಆರಂಭ, ರಾಷ್ಟ್ರಕೂಟರದ್ದು. ಗಂಡ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತು ಅನ್ನೋ ನಾಡಿನ ನಾಳ್ಗಾವುಂಡ, ಅಂದ್ರೆ ನಾಡಿನ ಮುಖ್ಯಸ್ಥನ ಪದವಿ ಅವಳಿಗೇ ಬಂತು. ಎಪ್ಪತ್ತು ಹಳ್ಳಿಯ ಆಡಳಿತ! ಕಾಯಿಲೆ ಬಿದ್ದಾಗ ಮಗಳಿಗೆ ಅಧಿಕಾರ ವಹಿಸಿ, ಬಂದಳಿಕೆಯಲ್ಲೇ ಸಲ್ಲೇಖನದಿಂದ, ಅಂದ್ರೆ ಜೈನರ ಉಪವಾಸ ವ್ರತದಿಂದ ಪ್ರಾಣ ಬಿಟ್ಟಳು.

ಇದನ್ನೆಲ್ಲ ಮಾವನ ಮುಂದೆ ಹರವಿದೆ. "ನಾವೇನು ಜೈನರೇನ್ಲೇ?" ಅಂದರು. ಹೆಸರು ಜಾತಿ ಕೇಳಿ ಉಳಿಯೋದಿಲ್ಲ ಅಂದೆ, ಒಪ್ಪಲಿಲ್ಲ. ಮಾವ ಗೌಡಕಿ ಮನೆತನದವರು, ಆ ಹೆಮ್ಮೆ ಸ್ವಲ್ಪ ಜಾಸ್ತಿಯೇ. ಕೊನೆಗೆ ಗಾವುಂಡ ಅಂದ್ರೆ ಗೌಡನೇ ಅಂದೆ. ಜೆರಾಕ್ಸ್ ಹಾಳೆಯನ್ನು ಕೈಗೆ ತಗೊಂಡು, ಕನ್ನಡಕ ಹುಡುಕಿದರು.