ಥೈರಾಯ್ಡ್ ಮಾತ್ರೆ ಸೇವಿಸುವವರು ಕಬ್ಬಿಣಾಂಶದ ವರದಿಯನ್ನು ಓದುವ ಬಗೆ

ಉಡುಪಿಯಲ್ಲಿರುವ ನನ್ನ ಅಕ್ಕ ಹಲವು ವರ್ಷಗಳಿಂದ ಥೈರಾಯ್ಡ್ ಮಾತ್ರೆ ಸೇವಿಸುತ್ತಿದ್ದಾರೆ. ಒಮ್ಮೆ ರಕ್ತ ಕಡಿಮೆಯಿದೆಯೆಂದು ವೈದ್ಯರು ಐರನ್ ಮಾತ್ರೆ ಬರೆದುಕೊಟ್ಟಾಗ, ಮರೆತುಹೋಗದಿರಲೆಂದು ಅವರು ಎರಡನ್ನೂ ಬೆಳಿಗ್ಗೆ ಒಟ್ಟಿಗೇ ನುಂಗತೊಡಗಿದರು. ಮೂರು ತಿಂಗಳಲ್ಲಿ, ಥೈರಾಯ್ಡ್ ಹಾರ್ಮೋನು ಸಾಲದಾದಾಗ ಏರುವ ಟಿಎಸ್‌ಎಚ್ ಏರಿತು, ಥೈರಾಯ್ಡ್ ಮಾತ್ರೆಯ ಪ್ರಮಾಣವನ್ನೂ ಹೆಚ್ಚಿಸಲಾಯಿತು. ಮಾತ್ರೆಗಳನ್ನು ಯಾವ ಹೊತ್ತಿಗೆ ತೆಗೆದುಕೊಳ್ಳುತ್ತೀರಿ ಎಂದು ಮಾತ್ರ ಯಾರೂ ಕೇಳಲಿಲ್ಲ. ಆ ಒಂದು ಪ್ರಶ್ನೆಯನ್ನು ಬಿಟ್ಟು ಈ ಎರಡು ವರದಿಗಳನ್ನು ಓದಿದರೆ ದಾರಿ ತಪ್ಪುತ್ತದೆಂದು ಅಂದಿನಿಂದ ನಾನು ನಂಬಿದ್ದೇನೆ.

ಥೈರೋನಾರ್ಮ್, ಎಲ್ಟ್ರಾಕ್ಸಿನ್ ಮುಂತಾದ ಹೆಸರಿನಲ್ಲಿ ಸಿಗುವ ಥೈರಾಯ್ಡ್ ಮಾತ್ರೆಯಲ್ಲಿರುವ ಲೆವೊಥೈರಾಕ್ಸಿನ್ ಜೀರ್ಣಾಂಗದಲ್ಲಿ ಕಬ್ಬಿಣದೊಂದಿಗೆ ಕೂಡಿದಾಗ ಕರಗದ ಸಂಯುಕ್ತವಾಗಿ, ರಕ್ತಕ್ಕೆ ಸೇರುವ ಪ್ರಮಾಣ ತಗ್ಗುತ್ತದೆ. 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 14 ಮಂದಿ 12 ವಾರಗಳ ಕಾಲ ಥೈರಾಯ್ಡ್ ಮಾತ್ರೆಯ ಜೊತೆಗೇ ಫೆರಸ್ ಸಲ್ಫೇಟ್ ಎಂಬ ಐರನ್ ಮಾತ್ರೆ ಸೇವಿಸಿದಾಗ, ಅವರ ಸರಾಸರಿ ಟಿಎಸ್‌ಎಚ್ 1.6ರಿಂದ 5.4ಕ್ಕೆ ಏರಿತ್ತು. ಹಾಗೆಂದು ಕಬ್ಬಿಣವನ್ನು ಬಿಡುವಂತೆಯೂ ಇಲ್ಲ, ಏಕೆಂದರೆ ಥೈರಾಯ್ಡ್ ಹಾರ್ಮೋನನ್ನು ತಯಾರಿಸುವ ಕಿಣ್ವಕ್ಕೇ ಕಬ್ಬಿಣ ಬೇಕು. ಥೈರಾಯ್ಡ್ ಕುಂದಿದ ಹೆಂಗಸರಲ್ಲಿ ಮುಟ್ಟಿನ ಸ್ರಾವ ಹೆಚ್ಚಾಗಿ ಕಬ್ಬಿಣ ಖಾಲಿಯಾಗುವುದೂ ಉಂಟು.

ವರದಿಯಲ್ಲಿ ಮೊದಲು ನೋಡಬೇಕಾದದ್ದು ಫೆರಿಟಿನ್. ನಮ್ಮ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿರುತ್ತಿದ್ದ ಅಕ್ಕಿ ಮುಡಿಯಂತೆ ಅದು ದೇಹದಲ್ಲಿರುವ ಕಬ್ಬಿಣದ ದಾಸ್ತಾನನ್ನು ತೋರಿಸುತ್ತದೆ. ಸೀರಮ್ ಐರನ್, ಅಂದರೆ ಆ ಹೊತ್ತಿಗೆ ರಕ್ತದಲ್ಲಿರುವ ಕಬ್ಬಿಣ, ಇಂದು ಒಲೆಗೆ ಹಾಕಿದ ಅಕ್ಕಿ ಮಾತ್ರ. ಅನ್ನ ಬೆಂದಿದೆಯೆಂದ ಮಾತ್ರಕ್ಕೆ ಮುಡಿ ತುಂಬಿದೆಯೆನ್ನಲಾಗದು. ಆರೋಗ್ಯವಂತ ವಯಸ್ಕರಲ್ಲಿ ಫೆರಿಟಿನ್ 15ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣದ ಕೊರತೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ, ಅನೇಕ ವೈದ್ಯರು 30ಕ್ಕಿಂತ ಕೆಳಗಿಳಿದಾಗಲೇ ಎಚ್ಚರಗೊಳ್ಳುತ್ತಾರೆ. ಒಂದು ಉದಾಹರಣೆ ನೋಡೋಣ. ಹಿಮೋಗ್ಲೋಬಿನ್ 12.4, ಫೆರಿಟಿನ್ 11, ಸೀರಮ್ ಐರನ್ 60, ಟಿಐಬಿಸಿ (ರಕ್ತ ಒಟ್ಟು ಎಷ್ಟು ಕಬ್ಬಿಣವನ್ನು ಹೊರಬಲ್ಲದೆಂಬ ಅಂಕಿ) 420 ಎಂದಿರಲಿ. ಐರನ್ನಿನ ಅಂಕಿಯನ್ನು ಟಿಐಬಿಸಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಸುಮಾರು 14 ಶೇಕಡಾ, ಅಂದರೆ ಆ ಸಾಮರ್ಥ್ಯದಲ್ಲಿ ತುಂಬಿರುವ ಪಾಲು, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಆಗುತ್ತದೆ. 20ಕ್ಕಿಂತ ಕಡಿಮೆಯಾದರೆ ಕೊರತೆಯ ಶಂಕೆ ಬಲಗೊಳ್ಳುತ್ತದೆ. ಗರ್ಭಿಣಿಯಲ್ಲದ ಮಹಿಳೆಗೆ ಹಿಮೋಗ್ಲೋಬಿನ್ 12 ದಾಟಿರುವುದರಿಂದ ಈಕೆಗೆ ರಕ್ತಹೀನತೆ ಇಲ್ಲ, ಆದರೆ ದಾಸ್ತಾನು ಬರಿದಾಗಿದೆ. ಸುಸ್ತು, ಕೂದಲು ಉದುರುವಿಕೆ ಇವೆಲ್ಲ ಥೈರಾಯ್ಡಿನಿಂದಲೇ ಎಂದು ತಳ್ಳಿಹಾಕಿದಾಗ ಕಣ್ತಪ್ಪಿಹೋಗುವುದು ಇಂಥ ಕೊರತೆಯೇ.

ಕರಾವಳಿಯವರು ಇನ್ನೊಂದು ಅಂಶವನ್ನು ಗಮನಿಸಬೇಕು. ಮಳೆಗಾಲದಲ್ಲಿ ಮಂಗಳೂರಿನಲ್ಲಿ ಡೆಂಗಿ, ಮಲೇರಿಯಾ, ಇಲಿಜ್ವರದ ಕಾಟವಿರುತ್ತದೆ. ಜ್ವರ ಅಥವಾ ಉರಿಯೂತ ಇರುವಾಗ ಫೆರಿಟಿನ್ ತಾನಾಗಿಯೇ ಏರುತ್ತದೆ, ಸೀರಮ್ ಐರನ್ ಇಳಿಯುತ್ತದೆ. ಆಗ ಫೆರಿಟಿನ್ 60 ಎಂದು ಕಂಡರೂ ಕೊರತೆ ಮುಚ್ಚಿಹೋಗಿರಬಹುದು, ಆದ್ದರಿಂದಲೇ ಸೋಂಕಿದ್ದಾಗ ವಿಶ್ವ ಆರೋಗ್ಯ ಸಂಸ್ಥೆ 70ರ ಮಿತಿಯನ್ನು ಬಳಸುತ್ತದೆ. ಜ್ವರ ಬಿಟ್ಟು ಕೆಲವು ವಾರಗಳಾದ ಮೇಲೆ ರಕ್ತ ಕೊಡುವುದು ಲೇಸು. ಕಾಯಲಾಗದಿದ್ದರೆ ಉರಿಯೂತವನ್ನು ತೋರಿಸುವ ಸಿಆರ್‌ಪಿಯನ್ನೂ ಮಾಡಿಸುವ ಬಗ್ಗೆ ವೈದ್ಯರನ್ನು ಕೇಳಿರಿ.

ಪರೀಕ್ಷೆಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿರಿ ಮತ್ತು ಹಿಂದಿನ 24 ಗಂಟೆ ಐರನ್ ಮಾತ್ರೆ ಸೇವಿಸದಿರಿ, ಇಲ್ಲವಾದರೆ ಸೀರಮ್ ಐರನ್ ಸುಳ್ಳು ಏರಿಕೆಯನ್ನು ತೋರಿಸುತ್ತದೆ. ಥೈರಾಯ್ಡ್ ಪರೀಕ್ಷೆಯೂ ಅದೇ ದಿನವಿದ್ದರೆ ಆ ದಿನದ ಮಾತ್ರೆಯನ್ನು ರಕ್ತ ಕೊಟ್ಟ ನಂತರ ನುಂಗಬೇಕು. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಸೇವಿಸುವವರು ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸುವುದು ಅಗತ್ಯ, ಏಕೆಂದರೆ ಕೆಲವು ಯಂತ್ರಗಳ ಥೈರಾಯ್ಡ್ ಫಲಿತಾಂಶವನ್ನು ಅದು ಕೆಡಿಸುತ್ತದೆ.

ಹೊತ್ತಿನ ವಿಚಾರದಲ್ಲಿ ರಿಯಾಯಿತಿ ಇಲ್ಲ. ಎದ್ದೊಡನೆ ಬರೀ ನೀರಿನಲ್ಲಿ ಥೈರಾಯ್ಡ್ ಮಾತ್ರೆ, ಅರ್ಧದಿಂದ ಒಂದು ಗಂಟೆಯ ನಂತರವೇ ಚಹಾ ಮತ್ತು ತಿಂಡಿ, ಕನಿಷ್ಠ ನಾಲ್ಕು ಗಂಟೆಯ ಅಂತರದಲ್ಲಿ ಐರನ್ ಮಾತ್ರೆ. ಆರು ಗಂಟೆಗೆ ಮೊದಲನೆಯದಾದರೆ ಹನ್ನೊಂದಕ್ಕೆ ಎರಡನೆಯದನ್ನು ಲಿಂಬೆ ಶರಬತ್ತಿನೊಂದಿಗೆ ತೆಗೆದುಕೊಳ್ಳಬಹುದು. ಚಹಾ, ಕಾಫಿಗಳನ್ನು ಅದರ ಹತ್ತಿರಕ್ಕೆ ತರಬಾರದು. ಕ್ಯಾಲ್ಸಿಯಂ ಮಾತ್ರೆಗೂ ಕಬ್ಬಿಣವಿರುವ ಮಲ್ಟಿವಿಟಮಿನ್‌ಗೂ ಥೈರಾಯ್ಡ್ ಮಾತ್ರೆಯಿಂದ ಇದೇ ನಾಲ್ಕು ಗಂಟೆಯ ಅಂತರ ಬೇಕು.

ಅಕ್ಕ ಹೀಗೆ ಹೊತ್ತನ್ನು ಬೇರ್ಪಡಿಸಿದ ಮೇಲೆ ಟಿಎಸ್‌ಎಚ್ ಇಳಿದು, ವೈದ್ಯರು ಹೆಚ್ಚಿಸಿದ ಪ್ರಮಾಣವನ್ನು ತಗ್ಗಿಸಿದರು. ಇಂಥ ಬದಲಾವಣೆಯ ನಂತರ 6ರಿಂದ 8 ವಾರಕ್ಕೆ ಟಿಎಸ್‌ಎಚ್ ಪರೀಕ್ಷಿಸಬೇಕು, ಫೆರಿಟಿನ್‌ಗೆ ಸುಮಾರು ಮೂರು ತಿಂಗಳು ಕಾಯಬೇಕು. ಸರಿಯಾಗಿ ನುಂಗಿದರೂ ಅದು ಏರದಿದ್ದರೆ, ಅಥವಾ ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕೊರತೆ ಕಂಡರೆ, ಹೊಟ್ಟೆಯಲ್ಲಿ ರಕ್ತಸ್ರಾವವಿದೆಯೇ, ಥೈರಾಯ್ಡಿನ ಜೊತೆಗೇ ಬರಬಲ್ಲ ಸೀಲಿಯಾಕ್ (ಗೋಧಿಯ ಗ್ಲುಟೆನ್ ಕರುಳಿಗೆ ಹಾನಿ ಮಾಡುವ ಕಾಯಿಲೆ) ಅಥವಾ ಜಠರದ ಸ್ವಯಂನಿರೋಧಕ ಕಾಯಿಲೆಯಿದೆಯೇ ಎಂದು ವೈದ್ಯರು ಹುಡುಕಬೇಕಾಗುತ್ತದೆ. ಅವರ ಬಳಿ ಹೋಗುವಾಗ ಹಳೆಯ ವರದಿಗಳೊಂದಿಗೆ ಪ್ರತಿ ಮಾತ್ರೆಯ ಹೆಸರು, ಪ್ರಮಾಣ ಮತ್ತು ನುಂಗುವ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ಒಯ್ಯಿರಿ, ಅವರು ಕೇಳದಿದ್ದರೂ ತೋರಿಸಿರಿ.