ನಳದ ನೀರಿಗೊಂದು, ಬೋರ್ ನೀರಿಗೊಂದು: ಫಿಲ್ಟರ್ ಕೊಳ್ಳುವ ಮೊದಲು ಇಷ್ಟು ತಿಳಿದಿರಲಿ

ಧಾರವಾಡದ ನಮ್ಮ ಮನೆಗೆ ಹೋದ ವರ್ಷ ಫಿಲ್ಟರ್ ಮಾರುವ ಹುಡುಗನೊಬ್ಬ ಬಂದಿದ್ದ. ಎರಡು ಗ್ಲಾಸ್ ಕೇಳಿದ. ಒಂದಕ್ಕೆ ನಮ್ಮ ನಳದ ನೀರು, ಇನ್ನೊಂದಕ್ಕೆ ತಾನೇ ಬಾಟಲಿಯಲ್ಲಿ ತಂದಿದ್ದ, ಲವಣ ತೆಗೆಯುವ ಯಂತ್ರದಲ್ಲಿ ಹಾಯ್ದ ಆರ್‌ಒ ನೀರು. ಲೋಹದ ಕಡ್ಡಿಗಳಿರುವ ಸಣ್ಣ ಸಾಧನವೊಂದನ್ನು ಎರಡೂ ಗ್ಲಾಸಿಗೆ ಇಳಿಸಿ ಕರೆಂಟ್ ಕೊಟ್ಟ. ಎರಡೇ ನಿಮಿಷಕ್ಕೆ ನಳದ ನೀರು ಕಂದು ಬಣ್ಣಕ್ಕೆ ತಿರುಗಿ ಮೇಲೆ ಕೊಳೆ ನೊರೆ ಕಟ್ಟಿತು. ಅವನ ನೀರು ಹಾಗೇ ತಿಳಿಯಾಗಿ ನಿಂತಿತ್ತು. "ನೋಡ್ರಿ ಅವ್ವಾರ, ದಿನಾ ಇದನ್ನ ಕುಡಿಯಾಕತ್ತೀರಿ ನೀವು" ಅಂದ. ಅವ್ವ ಗಾಬರಿಯಾಗಿ ನನ್ನ ಮುಖ ನೋಡಿದಳು. ನಾನು ಒಂದು ಚಿಟಿಕೆ ಉಪ್ಪು ತಂದು ಅವನ ತಿಳಿ ನೀರಿಗೆ ಹಾಕಿ, "ಈಗ ಇನ್ನೊಮ್ಮೆ ಹಚ್ಚಪಾ" ಅಂದೆ. ಅದೂ ಕಂದಾಯಿತು.

ಆ ಕಂದು ಬಣ್ಣ ನೀರಿನ ಕೊಳೆ ಅಲ್ಲ, ಕಡ್ಡಿಯ ಕಬ್ಬಿಣ. ನೀರಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಿನ ಬಣ್ಣ ಬಿಡುತ್ತದೆ. ಆರ್‌ಒ ನೀರಲ್ಲಿ ಲವಣ ತೀರಾ ಕಡಿಮೆ, ಕರೆಂಟ್ ಹರಿಯಲ್ಲ, ಬಣ್ಣವೂ ಬರಲ್ಲ. ಇಷ್ಟೇ ವಿಷಯ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಹೇಳಿಕೊಟ್ಟಿದ್ದೇ ಅಷ್ಟು. ಆದರೆ ಹೀಗೆ ಹೆದರಿ ಬೇಡದ ಯಂತ್ರ ಕೊಂಡವರೂ ನಮ್ಮ ಓಣಿಯಲ್ಲಿದ್ದಾರೆ, ನಿಜವಾಗಿ ಬೇಕಾದ ಕಡೆ ಇನ್ನೂ ಕೊಳ್ಳದವರೂ ನಮ್ಮ ನೆಂಟರಲ್ಲಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ ಯಾವ ಕಂಪನಿ ಅಂತಲ್ಲ, ನಿಮ್ಮ ನೀರು ಎಲ್ಲಿಂದ ಬರುತ್ತದೆ ಅಂತ. ಹುಬ್ಬಳ್ಳಿ-ಧಾರವಾಡದ ನಳಕ್ಕೆ ಬರುವುದು ಹೆಚ್ಚಾಗಿ ಮಲಪ್ರಭೆಯ ನೀರು, ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿನದು, ಅಮ್ಮಿನಭಾವಿಯಲ್ಲಿ ಶುದ್ಧವಾಗಿ ಬರುತ್ತದೆ. ಗದಗ ಮತ್ತು ಹಾವೇರಿ ಪಟ್ಟಣಗಳಿಗೆ ತುಂಗಭದ್ರೆ. ಇವೆಲ್ಲ ಹೊಳೆ ನೀರು, ಲವಣ ಕಡಿಮೆ. ಮಳೆಗಾಲದ ಮೊದಲ ವಾರಗಳಲ್ಲಿ ರಾಡಿ ಬರಬಹುದು, ಪೈಪ್ ಒಡೆದಾಗ ಚರಂಡಿ ನೀರು ಸೇರಬಹುದು, ವಾರಕ್ಕೊಮ್ಮೆ ಬರುವ ನೀರನ್ನು ಟಾಕಿಯಲ್ಲಿ ಹಿಡಿದಿಟ್ಟಾಗ ಅಲ್ಲೇ ರೋಗಾಣು ಬೆಳೆಯಬಹುದು. ಅಂದರೆ ಹೊಳೆ ನೀರಿನ ತೊಂದರೆ ರಾಡಿ ಮತ್ತು ರೋಗಾಣು. ಬೋರ್ ನೀರಿನ ಕಥೆ ಬೇರೆ. ನವಲಗುಂದ, ನರಗುಂದ ಕಡೆ ಎರೆ ಭೂಮಿಯಲ್ಲಿ ಬೋರ್ ಹಾಕಿದರೆ ಬಹಳ ಕಡೆ ಸವಳು ನೀರೇ ಸಿಗುತ್ತದೆ, ಆ ಊರವರು ಮೊದಲಿಂದ ಕೆರೆ ನೀರನ್ನೇ ನಂಬಿದವರು. ಮುಂಡರಗಿ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇರುವುದು ಹಳೆಯ ತೊಂದರೆ. ಅದಕ್ಕೆ ಬಣ್ಣ, ವಾಸನೆ, ರುಚಿ ಒಂದೂ ಇಲ್ಲ, ನಾಲಿಗೆಗೆ ಗೊತ್ತೇ ಆಗಲ್ಲ. ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಗೆರೆ ಮೂಡಿದಾಗ, ದೊಡ್ಡವರಿಗೆ ಕೀಲು ಬಿಗಿದು ಬೆನ್ನು ಬಾಗದಂತಾದಾಗ ಗೊತ್ತಾಗುತ್ತದೆ. ಆಗ ತಡವಾಗಿರುತ್ತದೆ.

ಈಗ ಫಿಲ್ಟರ್ ಪೆಟ್ಟಿಗೆಯ ಮೇಲೆ ಬರೆದಿರುವ ಪದಗಳು.

ಟಿಡಿಎಸ್ ಅಂದರೆ ನೀರಲ್ಲಿ ಕರಗಿರುವ ಒಟ್ಟು ಲವಣ. ಒಂದು ಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಅಂತ ಲೆಕ್ಕ, ಪಿಪಿಎಂ ಅಂದರೂ ನೀರಿನ ಮಟ್ಟಿಗೆ ಅದೇ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ 500ರ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಸಿಗದ ಕಡೆ 2000ದ ತನಕ ನಡೆಯುತ್ತದೆ. ಪೆನ್ನಿನಂಥ ಟಿಡಿಎಸ್ ಮೀಟರ್ ಇದೆಯಲ್ಲ, ಅದು ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ನೋಡಿ ಅಂದಾಜು ಹೇಳುತ್ತದೆ. ಕರಗಿದ್ದು ಉಪ್ಪೋ ಫ್ಲೋರೈಡೋ ಸುಣ್ಣವೋ ಅದಕ್ಕೆ ತಿಳಿಯದು. ರೋಗಾಣುವಂತೂ ಅದರ ಕಣ್ಣಿಗೇ ಬೀಳಲ್ಲ. ಚರಂಡಿ ನೀರು ಸೇರಿದ ನಳದ ನೀರೂ 150 ತೋರಿಸಬಹುದು, ಬಲು ಒಳ್ಳೆಯ ಬಾವಿ ನೀರು 450 ತೋರಿಸಬಹುದು. ನಮ್ಮ ನಳದಲ್ಲಿ 130ರ ಆಸುಪಾಸು ಬಂತು. ಅದನ್ನು ನೋಡಿ ನಾನು ತಿಳಿದದ್ದು ಒಂದೇ: ನಮಗೆ ಆರ್‌ಒ ಬೇಡ. ನೀರು ಶುದ್ಧ ಅಂತ ಅದರಿಂದ ತಿಳಿಯಲಿಲ್ಲ.

ಗಡಸು ನೀರು ಅಂದರೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ ಇರುವ ನೀರು. ಸಾಬೂನು ನೊರೆ ಬರಲ್ಲ, ಬ್ಯಾಳಿ ಬೇಯಲ್ಲ, ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದೆ. ಮಾನಕದಲ್ಲಿ ಇದಕ್ಕೆ ಲೀಟರಿಗೆ 200 ಮಿಲಿಗ್ರಾಂ ಒಳ್ಳೆಯ ಮಿತಿ, 600 ಕೊನೆಯ ಮಿತಿ. ಇದಕ್ಕೆ ಮಾರುವ ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ, ಆದ್ದರಿಂದ ಟಿಡಿಎಸ್ ಇಳಿಯಲ್ಲ. ಸ್ನಾನಕ್ಕೆ, ಬಟ್ಟೆಗೆ, ಗೀಸರ್ ಉಳಿಯಲು ಒಳ್ಳೆಯದು. ಕುಡಿಯುವ ನೀರಿಗೆ ಅದೇ ಮದ್ದು ಅಂದುಕೊಳ್ಳಬೇಡಿ, ಬಿಪಿ ಇದ್ದವರು ಮನೆಯಲ್ಲಿದ್ದರೆ ಇನ್ನೂ ನೋಡಿಕೊಂಡು ಬಳಸಿ.

ಮೈಕ್ರಾನ್ ಅನ್ನುವುದು ಅಳತೆ, ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಯಂತ್ರದ ಹೊರಗೆ ತೂಗಾಡುವ ಬಿಳಿ ದಾರದ ಕ್ಯಾಂಡಲ್ ಸಾಮಾನ್ಯವಾಗಿ 5 ಮೈಕ್ರಾನಿನದು, ರಾಡಿ, ತುಕ್ಕು, ಉಸುಕು ಹಿಡಿಯುತ್ತದೆ. ಬ್ಯಾಕ್ಟೀರಿಯಾ ಅದಕ್ಕಿಂತ ಸಣ್ಣದು, ಸಲೀಸಾಗಿ ನುಸುಳಿ ಹೋಗುತ್ತದೆ. ಯುಎಫ್ ಅಂದರೆ ಸಣ್ಣ ಸಣ್ಣ ನಳಿಕೆಗಳ ಕಟ್ಟು, ರಂಧ್ರ ಸುಮಾರು 0.01 ಮೈಕ್ರಾನ್. ಬ್ಯಾಕ್ಟೀರಿಯಾ ಅಲ್ಲೇ ನಿಲ್ಲುತ್ತದೆ, ಕರೆಂಟೂ ಬೇಡ. ಆದರೆ ಕರಗಿದ ಲವಣ ತಡೆಯಲ್ಲ. ಆರ್‌ಒ ಇನ್ನೂ ಬಿಗಿ, 0.0001 ಮೈಕ್ರಾನ್. ಪಂಪಿನಿಂದ ಒತ್ತಡ ಕೊಟ್ಟು ನೀರನ್ನು ತೆಳು ಪೊರೆಯಲ್ಲಿ ಹಿಂಡುತ್ತದೆ. ಸವಳು, ಫ್ಲೋರೈಡ್, ಗೊಬ್ಬರ ಮತ್ತು ಚರಂಡಿಯಿಂದ ನೀರಿಗೆ ಇಳಿಯುವ ನೈಟ್ರೇಟ್, ಎಲ್ಲದರ ದೊಡ್ಡ ಪಾಲು ಹಿಂದೆ ಉಳಿಯುತ್ತದೆ.

ಕಾರ್ಬನ್ ಅಂದರೆ ಹದ ಮಾಡಿದ ಇದ್ದಿಲು. ಕ್ಲೋರಿನ್ ವಾಸನೆ, ಬಣ್ಣ, ಕೆಲವು ಔಷಧಿ ಅಂಶ ಹೀರುತ್ತದೆ. ಆರ್‌ಒ ಪೊರೆಗೆ ಕ್ಲೋರಿನ್ ಆಗಿಬರಲ್ಲ, ಅದಕ್ಕೇ ಪೊರೆಗಿಂತ ಮೊದಲು ಇದು ಇರಲೇಬೇಕು. ಇಲ್ಲಿ ಒಂದು ಮಾತು: ನಳದ ನೀರಿನ ಕ್ಲೋರಿನ್ ವಾಸನೆಗೆ ಮೂಗು ಮುರಿಯುತ್ತೇವೆ, ಆದರೆ ಪೈಪಿನಲ್ಲಿ ದಾರಿಯುದ್ದಕ್ಕೂ ನೀರನ್ನು ಕಾಯುವುದು ಅದೇ. ಇದ್ದಿಲು ಅದನ್ನು ತೆಗೆದ ಮೇಲೆ ನೀರಿಗೆ ಕಾವಲು ಇರಲ್ಲ. ಫಿಲ್ಟರ್ ನೀರನ್ನು ಮೂರು ನಾಲ್ಕು ದಿನ ಹಿಡಿದಿಡಬೇಡಿ.

ಯುವಿ ಅಂದರೆ ಒಂದು ದೀಪ. ಅದರ ಬೆಳಕಿಗೆ ರೋಗಾಣು ಮತ್ತೆ ಬೆಳೆಯಲಾರದಂತಾಗುತ್ತದೆ, ವೈರಸ್ಸಿಗೂ ಕೆಲಸ ಮಾಡುತ್ತದೆ. ನೀರು ತಿಳಿಯಾಗಿರಬೇಕು, ರಾಡಿ ಇದ್ದರೆ ರೋಗಾಣು ಕಣದ ನೆರಳಲ್ಲಿ ಬಚಾವಾಗುತ್ತದೆ. ಕರೆಂಟ್ ಬೇಕು. ದೀಪ ಉರಿಯುತ್ತಿದೆ ಅಂದ ಮಾತ್ರಕ್ಕೆ ಶಕ್ತಿ ಉಳಿದಿದೆ ಅಂತಲ್ಲ, ಸುಮಾರು 8000 ಗಂಟೆ ಆದ ಮೇಲೆ ಕುಂದುತ್ತದೆ, ಬದಲಿಸಬೇಕು.

"7 ಹಂತ, 9 ಹಂತ" ಅನ್ನುವ ಜಾಹೀರಾತಿಗೆ ಜಾಸ್ತಿ ಬೆಲೆ ಕೊಡಬೇಡಿ. ಒಂದೇ ಕೊಳವೆಯಲ್ಲಿ ಎರಡು ಪುಡಿ ತುಂಬಿ ಎರಡು ಹಂತ ಅನ್ನುತ್ತಾರೆ. ಯಾವ ಹಂತ ಏನನ್ನು ತೆಗೆಯುತ್ತದೆ ಅಂತ ಒಂದೊಂದನ್ನೂ ಕೇಳಿ.

ಆದರೆ ಟಿಡಿಎಸ್ ಕಂಟ್ರೋಲರ್ ಅನ್ನುವ ಸಣ್ಣ ತಿರುಪಿನ ಬಗ್ಗೆ ಎಲ್ಲಕ್ಕಿಂತ ಜಾಸ್ತಿ ಹೇಳಬೇಕು, ಯಾಕೆಂದರೆ ಇದನ್ನು ನಾನು ನಮ್ಮ ದೊಡ್ಡಮ್ಮನ ಮನೆಯಲ್ಲಿ ಕಣ್ಣಾರೆ ಕಂಡೆ. ಮುಂಡರಗಿ ತಾಲೂಕಿನ ಹಳ್ಳಿ, ಬೋರ್ ನೀರು. ಮಗ ಒಳ್ಳೆಯ ಆರ್‌ಒ ಯಂತ್ರ ಹಾಕಿಸಿದ್ದ. ನೀರು ಸಪ್ಪೆ ಅನ್ನಿಸಿತು ಅಂತ ದೊಡ್ಡಮ್ಮ ಹೇಳಿದಳಂತೆ. ಸರ್ವಿಸ್‌ಗೆ ಬಂದವನು ಒಳಗಿನ ತಿರುಪನ್ನು ಎರಡು ಸುತ್ತು ತಿರುಗಿಸಿ "ಈಗ ರುಚಿ ಬಂತು ನೋಡ್ರಿ" ಅಂತ ಹೋದ. ರುಚಿ ಬಂದದ್ದು ಹೌದು. ಯಾಕೆಂದರೆ ಆ ತಿರುಪು ಮಾಡುವ ಕೆಲಸವೇ ಪೊರೆಯಲ್ಲಿ ಹಾಯದ ಬೋರ್ ನೀರನ್ನು ಆರ್‌ಒ ನೀರಿಗೆ ಬೆರೆಸುವುದು! ರಾಡಿ ಹೋಗಿರುತ್ತದೆ, ರೋಗಾಣು ಸತ್ತಿರುತ್ತದೆ, ಫ್ಲೋರೈಡ್ ಮಾತ್ರ ಹಾಗೇ ವಾಪಸು. ಯಾವುದಕ್ಕೆ ಅಂತ ಯಂತ್ರ ತಂದರೋ ಅದೇ ಹಿಂಬಾಗಿಲಿಂದ ಲೋಟಕ್ಕೆ ಬಂತು. ನಾನು ಅದನ್ನು ಪೂರ್ತಿ ಮುಚ್ಚಿಸಿದೆ. ಫ್ಲೋರೈಡ್ ಅಥವಾ ನೈಟ್ರೇಟ್ ಇರುವ ನೀರಾದರೆ ಈ ತಿರುಪು ಮುಚ್ಚಿಯೇ ಇರಬೇಕು. ರುಚಿ ಬೇಕಿದ್ದರೆ ಮಿನರಲ್ ಕೊಳವೆ ಹಾಕಿಸಿ, ಅದು ಶುದ್ಧವಾದ ನೀರಿಗೇ ಸ್ವಲ್ಪ ಲವಣ ಸೇರಿಸುತ್ತದೆ, ಹಸಿ ನೀರು ಬೆರೆಸಲ್ಲ.

ದೊಡ್ಡಮ್ಮನಿಗೆ ಇನ್ನೊಂದು ನಂಬಿಕೆ ಇತ್ತು, ಕುದಿಸಿದರೆ ಎಲ್ಲ ಹೋಗುತ್ತದೆ ಅಂತ. ರೋಗಾಣು ಹೋಗುತ್ತದೆ ನಿಜ, ಕಳಕಳ ಕುದಿಸಿದರೆ ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದು ಗಟ್ಟಿಯಾಗುತ್ತದೆ.

ಹಾಗಾದರೆ ಫ್ಲೋರೈಡ್ ಇದೆಯಾ ಅಂತ ತಿಳಿಯುವುದು ಹೇಗೆ? ಪರೀಕ್ಷೆ ಮಾಡಿಸಿಯೇ. ಜಲ ಜೀವನ ಮಿಷನ್ ಬಂದ ಮೇಲೆ ಗ್ರಾಮ ಪಂಚಾಯ್ತಿಗಳಿಗೆ ಪರೀಕ್ಷಾ ಕಿಟ್ ಕೊಟ್ಟಿದ್ದಾರೆ, ಮೊದಲು ಅಲ್ಲಿ ಕೇಳಿ. ಗ್ರಾಮೀಣ ಕುಡಿಯುವ ನೀರು ಇಲಾಖೆಗೆ ಜಿಲ್ಲೆಯಲ್ಲಿ ಪ್ರಯೋಗಾಲಯವೂ ಇದೆ. ಬೋರ್ ನೀರಾದರೆ ನಾಲ್ಕೈದು ನಿಮಿಷ ಹರಿಯಲು ಬಿಟ್ಟು, ಒಂದು ಲೀಟರ್ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು, ತುಂಬಿ ಅವತ್ತೇ ಕೊಡಿ. ರೋಗಾಣು ಪರೀಕ್ಷೆಗೆ ಮಾತ್ರ ಪ್ರಯೋಗಾಲಯದವರೇ ಕೊಡುವ ಶುದ್ಧ ಬಾಟಲಿ ಬೇಕು, ಮನೆಯ ಬಾಟಲಿ ನಡೆಯಲ್ಲ. ವರದಿ ಬಂದಾಗ ನಾಲ್ಕು ಸಾಲು ನೋಡಿ, ಲೆಕ್ಕ ಲೀಟರಿಗೆ ಮಿಲಿಗ್ರಾಂನಲ್ಲಿ: ಫ್ಲೋರೈಡ್ 1ರ ಒಳಗೆ, ಬೇರೆ ದಾರಿ ಇಲ್ಲದಿದ್ದರೆ 1.5ರ ಒಳಗೆ. ನೈಟ್ರೇಟ್ 45ರ ಒಳಗೆ. ಟಿಡಿಎಸ್ ಮೇಲೆ ಹೇಳಿದಂತೆ. ಮಲದಿಂದ ಬರುವ ಬ್ಯಾಕ್ಟೀರಿಯಾ ಇ ಕೊಲೈ ಒಂದೂ ಇರಬಾರದು.

ಇದಿಷ್ಟು ಗೊತ್ತಾದರೆ ಆಯ್ಕೆ ಸುಲಭ. ಹೊಳೆ ನೀರು, ಟಿಡಿಎಸ್ 500ರ ಒಳಗೆ, ಫ್ಲೋರೈಡ್ ಇಲ್ಲ ಅಂದರೆ ಕ್ಯಾಂಡಲ್, ಕಾರ್ಬನ್ ಜೊತೆಗೆ ಯುವಿ ಅಥವಾ ಯುಎಫ್ ಸಾಕು. ಇಂಥ ನೀರಿಗೆ ಆರ್‌ಒ ಹಾಕದಂತೆ ನಿಯಮ ಮಾಡಿ ಅಂತ 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ ಹೇಳಿತ್ತು. ಕರೆಂಟ್ ನೆಚ್ಚಲಾಗದ ಕಡೆ, ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಲು ಬಿಡದ ಕಡೆ, ಮೇಲೆ ನೀರು ಸುರಿದರೆ ಕೆಳಗೆ ಇಳಿಯುವ ಯುಎಫ್ ಫಿಲ್ಟರ್ ತನ್ನಿ. ಧಾರವಾಡದಲ್ಲಿ ರೂಮು ಮಾಡಿ ಓದುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಅದನ್ನೇ. ಬೋರ್ ನೀರು ಸವಳು ಅಥವಾ ಫ್ಲೋರೈಡ್ ಅಂತ ವರದಿ ಬಂದರೆ ಆರ್‌ಒ ಬೇಕು, ಅಲ್ಲಿ ದುಡ್ಡಿನ ಮುಖ ನೋಡಬೇಡಿ. ಆಗದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕೊಡ ತುಂಬಿ ತನ್ನಿ, ಆದರೆ ಅಲ್ಲಿನ ಪೊರೆ ಯಾವಾಗ ಬದಲಿಸಿದರು ಅಂತ ಕೇಳುವ ಹಕ್ಕು ನಿಮಗಿದೆ, ಕೇಳಿ. ಅಡುಗೆಗೂ ಅದೇ ನೀರು ಬಳಸಿ. ಕುಡಿಯಲು ಮಾತ್ರ ಒಳ್ಳೆಯ ನೀರು, ಅನ್ನ ಸಾರಿಗೆ ಬೋರ್ ನೀರು ಅಂತ ಮಾಡಿದರೆ ಫ್ಲೋರೈಡ್ ತಟ್ಟೆಯಿಂದ ಬರುತ್ತದೆ. ನಳ ಮತ್ತು ಬೋರ್ ಎರಡೂ ಒಂದೇ ಟಾಕಿಗೆ ಬೀಳುವ ಮನೆಗಳು ಹುಬ್ಬಳ್ಳಿಯಲ್ಲಿ ಬಹಳ. ಆಗುವುದಾದರೆ ಅಡುಗೆಮನೆಗೆ ನಳದ ಲೈನ್ ಬೇರೆ ಮಾಡಿಸಿ. ಎಷ್ಟೋ ಸಲ ಪ್ಲಂಬರ್‌ಗೆ ಕೊಡುವ ಆ ಖರ್ಚು ಆರ್‌ಒ ಬೆಲೆಗಿಂತ ಕಡಿಮೆ.

ಆರ್‌ಒ ಹಾಕಿದರೆ ಹೊರಬೀಳುವ ನೀರಿನ ಲೆಕ್ಕವೂ ಇರಲಿ. ಮನೆಯ ಯಂತ್ರಗಳಲ್ಲಿ ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಹೊರಗೆ ಹೋಗುತ್ತದೆ. ವಾರಗಟ್ಟಲೆ ನೀರಿಗೆ ಕಾಯುವ ನಮ್ಮ ಊರುಗಳಲ್ಲಿ ಅದು ಮೋರಿಗೆ ಹೋಗುವುದನ್ನು ನೋಡಲು ನನಗಾಗಲ್ಲ. ಪೈಪಿನ ಕೆಳಗೆ ಬಕೆಟ್ ಇಡಿ, ನೆಲ ಒರೆಸಲು, ಪಾಯಿಖಾನೆಗೆ ಬಳಸಿ. ಸವಳು ನೀರಿನ ಯಂತ್ರದ್ದಾದರೆ ಗಿಡಕ್ಕೆ ಹಾಕಬೇಡಿ, ಉಪ್ಪಿಗೆ ಬೇರು ಸುಟ್ಟೀತು. ಫ್ಲೋರೈಡ್ ಊರಲ್ಲಿ ದನಕ್ಕೂ ಕುಡಿಸಬೇಡಿ, ಅದರಲ್ಲಿ ಫ್ಲೋರೈಡ್ ಮೂಲ ನೀರಿಗಿಂತ ಗಟ್ಟಿ.

ಕೊಳ್ಳುವಾಗ ಯಂತ್ರದ ಬೆಲೆಯ ಜೊತೆಗೆ ಕ್ಯಾಂಡಲ್, ಕಾರ್ಬನ್, ಪೊರೆ, ದೀಪ ಇವುಗಳ ಬೆಲೆಯನ್ನು ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳಿ, ನಿಮ್ಮ ಊರಿಗೇ ಬಂದು ಸರ್ವಿಸ್ ಮಾಡುತ್ತಾರಾ ಅಂತಲೂ ಕೇಳಿ. ಹುಬ್ಬಳ್ಳಿಯಲ್ಲಿ ಕೊಂಡ ಯಂತ್ರ ರೋಣದಲ್ಲಿ ಕೆಟ್ಟು ಎರಡು ತಿಂಗಳು ಸುಮ್ನೆ ನಿಂತದ್ದು ನೋಡಿದ್ದೇನೆ. ಬದಲಿಸಿದ ದಿನ ಮಾರ್ಕರ್ ಪೆನ್ನಿನಿಂದ ಆಯಾ ಕೊಳವೆಯ ಮೇಲೇ ತಾರೀಖು ಬರೆಯಿರಿ. ಆರ್‌ಒ ಇದ್ದವರು ತಿಂಗಳಿಗೊಮ್ಮೆ ಹಸಿ ನೀರು, ಶುದ್ಧ ನೀರು ಎರಡರ ಟಿಡಿಎಸ್ ಅಳೆದು ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 1200 ಇದ್ದದ್ದು ಮೊದಲು 80ಕ್ಕೆ ಇಳಿಯುತ್ತಿತ್ತು, ಈಗ 300 ಬರುತ್ತಿದೆ ಅಂದರೆ ಪೊರೆ ಸೋತಿದೆ, ಇಲ್ಲವೇ ಯಾರೋ ಆ ತಿರುಪು ತಿರುಗಿಸಿದ್ದಾರೆ. ಮೊದಲು ತಿರುಪು ನೋಡಿ.